ಪೊರೆ ಆಪರೇಷನ್ ಆದ ಮಗುವಿಗೆ ಯಾವ ಸ್ಟೀರಾಯ್ಡ್, ಎಷ್ಟು ದಿನ? ಕಣ್ಣಿನ ಪ್ರೆಶರ್ ಮರೆಯದೆ ಆರಿಸುವುದು ಹೇಗೆ

ನನ್ನ ಮಗಳಿಗೆ ಹುಟ್ಟಿನಿಂದಲೇ ಎರಡೂ ಕಣ್ಣಲ್ಲಿ ಪೊರೆ ಇತ್ತು. ಏಳನೇ ವಾರದಲ್ಲಿ ಒಂದು ಕಣ್ಣು, ಮುಂದಿನ ವಾರ ಇನ್ನೊಂದು ಕಣ್ಣು ಆಪರೇಷನ್ ಆಯಿತು. ನನ್ನ ಬಾಣಂತನ ಇನ್ನೂ ಮುಗಿದಿರಲಿಲ್ಲ. ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಕಟ್ಟಿಕೊಂಡೇ ದಾವಣಗೆರೆಯಲ್ಲಿ ಬೆಂಗಳೂರಿನ ರೈಲು ಹತ್ತಿದ್ದೆ. ವಾಪಸ್ ಬರುವಾಗ ಕೈಯಲ್ಲಿ ಮೂರು ಸಣ್ಣ ಬಾಟಲಿ. ಒಂದು ಆಂಟಿಬಯೋಟಿಕ್. ಒಂದು ಪಾಪೆ ಹಿಗ್ಗಿಸುವ ಔಷಧಿ. ಇನ್ನೊಂದು ಹಾಲಿನ ಹಾಗೆ ಬೆಳ್ಳಗಿದ್ದ ಸ್ಟೀರಾಯ್ಡ್.

ಆ ಬಿಳಿ ಔಷಧಿ ಆರು ವಾರಕ್ಕೆ ನಿಲ್ಲಬೇಕಿತ್ತು. ಆರನೇ ವಾರದ ಚೆಕಪ್‌ಗೆ ಹೋಗಲು ಆಗಲಿಲ್ಲ, ಮಗುವಿಗೆ ನೆಗಡಿ, ಜ್ವರ. ಕಣ್ಣು ಸ್ವಲ್ಪ ಕೆಂಪಗೆ ಕಂಡಿತು. "ಔಷಧಿ ಮುಗೀತಲ್ಲ, ಇನ್ನೊಂದು ಬಾಟಲಿ ತರಿಸಮ್ಮ" ಅಂದರು ಅತ್ತೆ. ಮೆಡಿಕಲ್ ಶಾಪ್‌ನವರು ಹಳೇ ಚೀಟಿ ನೋಡಿ ಕೊಟ್ಟೇಬಿಟ್ಟರು. ದಿನಕ್ಕೆ ನಾಲ್ಕು ಸಲ ಹಾಕಿದೆ. ಹತ್ತನೇ ವಾರ ಬೆಂಗಳೂರಿಗೆ ಹೋದಾಗ ಕಣ್ಣಿನ ಪ್ರೆಶರ್ ಒಂದರಲ್ಲಿ 34, ಇನ್ನೊಂದರಲ್ಲಿ 31. ಇರಬೇಕಾದದ್ದು ಅದರ ಅರ್ಧಕ್ಕಿಂತ ಕಡಿಮೆ.

ನಮ್ಮ ಅದೃಷ್ಟ, ಸ್ಟೀರಾಯ್ಡ್ ಬಿಡಿಸಿ ಮೂರು ವಾರದಲ್ಲಿ ಪ್ರೆಶರ್ ಇಳಿಯಿತು. ಈಗ ಅವಳು ನಾಲ್ಕನೇ ಕ್ಲಾಸು. ಈ ಒಂಬತ್ತು ವರ್ಷದಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಓದಿದ್ದು, ಡಾಕ್ಟರನ್ನು ಕೇಳಿ ಕೇಳಿ ತಿಳಿದದ್ದು ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ. ಯಾವ ಔಷಧಿ ಅನ್ನೋದನ್ನು ಹೇಳಬೇಕಾದವರು ನಿಮ್ಮ ಮಗುವಿನ ಡಾಕ್ಟರ್. ಆದರೆ ಅವರು ಹೇಳಿದ್ದು ಅರ್ಥವಾಗಬೇಕು, ಸರಿಯಾದ ಪ್ರಶ್ನೆ ಕೇಳಲು ಬರಬೇಕು ಅಲ್ವಾ?

ಸ್ಟೀರಾಯ್ಡ್ ಬೇಡವೇ ಬೇಡ ಅಂದರೆ?

ಸ್ಟೀರಾಯ್ಡ್ ಅಂದ ಕೂಡಲೇ ಭಯ ಬೀಳುವ ಅಪ್ಪ ಅಮ್ಮಂದಿರನ್ನು ತುಂಬಾ ನೋಡಿದ್ದೇನೆ. ಕದ್ದು ಮುಚ್ಚಿ ಹನಿ ಕಡಿಮೆ ಹಾಕುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ದೊಡ್ಡವರ ಕಣ್ಣಿಗಿಂತ ಹಸುಗೂಸಿನ ಕಣ್ಣು ಆಪರೇಷನ್‌ಗೆ ಬಹಳ ಜೋರಾಗಿ ಕೆರಳುತ್ತದೆ. ಒಳಗೆ ಅಂಟಿನಂಥ ಎಳೆಗಳು ಕಟ್ಟುತ್ತವೆ. ಪಾಪೆ ಹಿಂದಕ್ಕೆ ಅಂಟಿಕೊಳ್ಳುತ್ತದೆ. ಬೆಳಕಿನ ದಾರಿ ಕಟ್ಟಿ ಹೊಸ ಪರದೆ ಬೆಳೆಯುತ್ತದೆ. ಆಗ ಮತ್ತೆ ಆಪರೇಷನ್. ಪಾಪೆ ಪೂರ್ತಿ ಅಂಟಿದರೆ ಒಳಗಿನ ನೀರು ಮುಂದಕ್ಕೆ ಬರಲಾಗದೆ, ಸ್ಟೀರಾಯ್ಡ್ ಇಲ್ಲದೆಯೂ ಪ್ರೆಶರ್ ಏರುತ್ತದೆ. ಹಾಗಾಗಿ ಹಾಕದಿದ್ದರೂ ಗ್ಲಾಕೋಮಾ (ಪ್ರೆಶರ್ ಏರಿ ಕಣ್ಣಿನ ನರ ಹಾಳಾಗುವ ಕಾಯಿಲೆ) ಬರಬಹುದು, ಜಾಸ್ತಿ ಹಾಕಿದರೂ ಬರಬಹುದು.

ಸ್ಟೀರಾಯ್ಡ್ ಪ್ರೆಶರ್ ಏರಿಸುವುದು ಹೇಗೆ ಅಂತ ನಮ್ಮ ಮಾವನವರಿಗೆ ನಾನು ಕೆರೆಯ ಲೆಕ್ಕದಲ್ಲಿ ಹೇಳಿದ್ದೆ. ಕಣ್ಣೊಳಗೆ ಸದಾ ನೀರು ಊರುತ್ತಿರುತ್ತದೆ, ಸದಾ ಹೊರಗೂ ಹೋಗುತ್ತಿರುತ್ತದೆ. ಹೊರಹೋಗುವ ಜಾಗ ಕೆರೆಯ ತೂಬಿನ ಹಾಗೆ, ಅದಕ್ಕೊಂದು ಜಾಲರಿ ಇದೆ. ಸ್ಟೀರಾಯ್ಡ್ ದಿನಗಟ್ಟಲೆ ಬಿದ್ದರೆ ಆ ಜಾಲರಿಯಲ್ಲಿ ಹೂಳು ತುಂಬಿದ ಹಾಗಾಗುತ್ತದೆ. ಒಳಹರಿವು ಅಷ್ಟೇ, ಹೊರಹರಿವು ಕಡಿಮೆ. ಒತ್ತಡ ಏರುತ್ತದೆ. ಆ ಒತ್ತಡ ಹಿಂದಿರುವ ಕಣ್ಣಿನ ನರವನ್ನು ಸಾಯಿಸುತ್ತದೆ. ಸತ್ತ ನರ ಮತ್ತೆ ಬರುವುದಿಲ್ಲ. ಇದಕ್ಕೂ ರಕ್ತದ ಬಿಪಿಗೂ ಸಂಬಂಧವಿಲ್ಲ. ಮಗುವಿಗೆ ಉಪ್ಪು ಕಡಿಮೆ ಮಾಡಿ ಅಂತ ಸಲಹೆ ಕೊಟ್ಟವರೂ ನಮ್ಮ ಬೀದಿಯಲ್ಲಿದ್ದರು.

ಎಲ್ಲರ ಜಾಲರಿಯೂ ಒಂದೇ ಥರ ಇರುವುದಿಲ್ಲ. 1960ರ ದಶಕದಲ್ಲಿ ದೊಡ್ಡವರಿಗೆ ವಾರಗಟ್ಟಲೆ ಸ್ಟೀರಾಯ್ಡ್ ಹನಿ ಹಾಕಿ ಅಮೆರಿಕದ ವೈದ್ಯರು ನೋಡಿದ್ದರು. ನೂರರಲ್ಲಿ ಸುಮಾರು 5 ಜನರಿಗೆ ಪ್ರೆಶರ್ ತುಂಬಾ ಏರಿತ್ತು, ಮೂರರಲ್ಲಿ ಒಬ್ಬರಿಗೆ ಮಧ್ಯಮವಾಗಿ ಏರಿತ್ತು. ದೊಡ್ಡವರಲ್ಲಿ ಸಾಮಾನ್ಯವಾಗಿ 2ರಿಂದ 6 ವಾರಕ್ಕೆ ಇದು ಕಾಣುತ್ತದೆ. ಮಕ್ಕಳಲ್ಲಿ ಬೇಗ ಏರುತ್ತದೆ, ಜಾಸ್ತಿ ಏರುತ್ತದೆ, ಕೆಲವರಲ್ಲಿ ಮೊದಲ ವಾರದಲ್ಲೇ. ಯಾವ ಮಗುವಿಗೆ ಏರುತ್ತದೆ ಅಂತ ಮೊದಲೇ ಹೇಳುವ ಪರೀಕ್ಷೆ ಇಲ್ಲ. ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ ಮೊದಲ ದಿನವೇ ಡಾಕ್ಟರಿಗೆ ಹೇಳಿ.

ಬಾಟಲಿಗಳಲ್ಲಿ ಯಾವುದು?

ಮಕ್ಕಳಿಗೆ ಜಾಸ್ತಿ ಬರೆಯುವುದು ಪ್ರೆಡ್ನಿಸೊಲೋನ್ ಅಸಿಟೇಟ್ 1%. ಇದೇ ಆ ಬಿಳಿ ಔಷಧಿ. ಕೆರಳಿದ ಕಣ್ಣನ್ನು ಚೆನ್ನಾಗಿ ತಣಿಸುತ್ತದೆ. ಪ್ರೆಶರ್ ಏರಿಸುವ ಶಕ್ತಿಯೂ ಇದೆ. ಇದನ್ನು ಚೆನ್ನಾಗಿ ಕುಲುಕಲೇಬೇಕು. ಕುಲುಕದೆ ಹಾಕಿದರೆ ಮೊದಲ ವಾರ ಬರೀ ತಿಳಿನೀರು ಬೀಳುತ್ತದೆ, ಕೊನೆಯ ವಾರ ತಳದ ಗಟ್ಟಿ ಔಷಧಿಯೆಲ್ಲ ಬೀಳುತ್ತದೆ. ಬೇಕಾದಾಗ ಕಡಿಮೆ, ಬೇಡದಾಗ ಜಾಸ್ತಿ. ನನಗೆ ಇದನ್ನು ಹೇಳಿಕೊಟ್ಟದ್ದು ವಾರ್ಡಿನ ಸಿಸ್ಟರ್. ಬಾಟಲಿಯನ್ನು ಕಿವಿಯ ಹತ್ತಿರ ಹಿಡಿದು ಇಪ್ಪತ್ತು ಎಣಿಸುವವರೆಗೆ ಕುಲುಕಿ ತೋರಿಸಿದ್ದರು.

ಡೆಕ್ಸಾಮೆಥಾಸೋನ್ 0.1% ಕೂಡ ಬಲವಾದದ್ದು, ಪ್ರೆಶರ್ ಏರಿಸುವುದರಲ್ಲೂ ಮುಂದೆ. ಇದರ ತೊಂದರೆ ಏನಂದರೆ ಆಂಟಿಬಯೋಟಿಕ್ ಜೊತೆ ಒಂದೇ ಬಾಟಲಿಯಲ್ಲಿ ಬೆರೆಸಿ ಬರುತ್ತದೆ. "ಇದು ಬರೀ ಆಂಟಿಬಯೋಟಿಕ್" ಅಂತ ತಿಳಿದು ತಿಂಗಳುಗಟ್ಟಲೆ ಹಾಕಿದವರನ್ನು ನಾನು ಬಲ್ಲೆ. ಲೇಬಲ್ಲಿನ ಸಣ್ಣ ಅಕ್ಷರ ಓದಿ. ಡೆಕ್ಸಾ, ಬೀಟಾ, ಪ್ರೆಡ್, ಲೋಟೆ, ಫ್ಲೋರೋ ಅಂತ ಶುರುವಾಗುವ ಹೆಸರು ಕಂಡರೆ ಕೇಳಿ, "ಇದರಲ್ಲಿ ಸ್ಟೀರಾಯ್ಡ್ ಇದೆಯಾ?" ಒಂದೇ ಸಮಯದಲ್ಲಿ ಎರಡು ಬಾಟಲಿಯಲ್ಲೂ ಸ್ಟೀರಾಯ್ಡ್ ಇರುವುದು ಅಪರೂಪವೇನಲ್ಲ.

ಡೈಫ್ಲುಪ್ರೆಡ್ನೇಟ್ 0.05% ಹೊಸದು. ಅಮೆರಿಕದಲ್ಲಿ 2008ರಲ್ಲಿ ಒಪ್ಪಿಗೆ ಸಿಕ್ಕಿದ್ದು. ಇನ್ನೂ ಬಲವಾದದ್ದು, ಕುಲುಕುವ ಕೆಲಸವಿಲ್ಲ, ದಿನಕ್ಕೆ ಕಡಿಮೆ ಸಲ ಹಾಕಿದರೂ ಸಾಕು. ಕೇಳಲು ಚೆನ್ನಾಗಿದೆ. ಆದರೆ ಮಕ್ಕಳಲ್ಲಿ ಪ್ರೆಶರ್ ಬೇಗ, ಜೋರಾಗಿ ಏರಿದ ವರದಿಗಳಿವೆ. ಕಣ್ಣು ತೀರಾ ಕೆರಳಿದಾಗ ಡಾಕ್ಟರ್ ಇದನ್ನೇ ಆರಿಸಬಹುದು, ಅದು ಅವರ ತೀರ್ಮಾನ. ಬರೆದರೆ ಒಂದೇ ಪ್ರಶ್ನೆ ಕೇಳಿ: ಪ್ರೆಶರ್ ನೋಡಲು ಯಾವ ದಿನ ಬರಲಿ? "ತಿಂಗಳ ನಂತರ ಬನ್ನಿ" ಅಂದರೆ ಇನ್ನೂ ಬೇಗ ನೋಡಲು ಸಾಧ್ಯವಾ ಅಂತ ವಿನಯದಿಂದ ಕೇಳಿ. ನಾನಾದರೆ ಕೇಳುತ್ತೇನೆ.

ಲೋಟೆಪ್ರೆಡ್ನೋಲ್ ಮತ್ತು ಫ್ಲೋರೋಮೆಥೊಲೋನ್ ಮೃದು ಜಾತಿ. ಪ್ರೆಶರ್ ಏರಿಸುವ ಸಾಧ್ಯತೆ ಕಡಿಮೆ, ಆದರೆ ಇಲ್ಲವೇ ಇಲ್ಲ ಅನ್ನೋ ಹಾಗಿಲ್ಲ. ತಣಿಸುವ ಶಕ್ತಿಯೂ ಕಡಿಮೆ. ಆಪರೇಷನ್ ಆದ ಮೊದಲ ವಾರಗಳಲ್ಲಿ ಹಸುಗೂಸಿನ ಕಣ್ಣಿಗೆ ಇಷ್ಟೇ ಸಾಲದೆ ಹೋಗಬಹುದು. ಇವು ನಿಜವಾಗಿ ಉಪಯೋಗಕ್ಕೆ ಬರುವುದು ಮಧ್ಯದಲ್ಲಿ: ಬಲವಾದ ಔಷಧಿಯಿಂದ ಪ್ರೆಶರ್ ಏರಿದೆ, ಕಣ್ಣಿನ ಕೆರಳಿಕೆ ಇನ್ನೂ ಪೂರ್ತಿ ತಣಿದಿಲ್ಲ, ಆಗ. ಕೆಟೊರೊಲ್ಯಾಕ್, ನೆಪಾಫೆನಾಕ್‌ನಂಥ ಸ್ಟೀರಾಯ್ಡ್ ಅಲ್ಲದ ಹನಿಗಳೂ ಇವೆ. ಅವು ಜೊತೆಗೆ ಬೇಕಾದರೆ ಇರಬಹುದು, ಶಿಶುವಿನ ಕಣ್ಣಲ್ಲಿ ಅವನ್ನಷ್ಟೇ ನಂಬಲಾಗುವುದಿಲ್ಲ.

ಹನಿಯೋ, ಇಂಜೆಕ್ಷನ್ನೋ, ಬಾಯಿಗೆ ಹಾಕುವ ಔಷಧಿಯೋ?

ಹನಿಯ ದೊಡ್ಡ ಗುಣ, ಬೇಕೆಂದಾಗ ನಿಲ್ಲಿಸಬಹುದು. ಕೆಟ್ಟದ್ದು, ಅದು ಪೂರ್ತಿ ಮನೆಯವರ ಕೈಯಲ್ಲಿದೆ. ದಿನಕ್ಕೆ ಆರೆಂಟು ಸಲ ಒದ್ದಾಡುವ ಕೂಸಿನ ಕಣ್ಣಿಗೆ ಹನಿ ಹಾಕುವುದು ಹುಡುಗಾಟವಲ್ಲ. ಎರಡು ಕೈ ಇಲ್ಲದ ಮನೆ, ಕೂಲಿಗೆ ಹೋಗುವ ತಾಯಿ, ಇವರಿಗೆ ಹನಿ ತಪ್ಪುತ್ತದೆ. ಅದರಲ್ಲಿ ಅವರ ತಪ್ಪೇನೂ ಇಲ್ಲ.

ಅಂಥವರಿಗೆ ಇಂಜೆಕ್ಷನ್ ಆಸರೆಯಾಗಬಹುದು. ಆಪರೇಷನ್ ಮುಗಿಸುವಾಗಲೇ ಕಣ್ಣಿನ ಬಿಳಿಭಾಗದ ಪದರದಡಿ ಡೆಕ್ಸಾಮೆಥಾಸೋನ್ ಕೊಡುತ್ತಾರೆ. ಅದರ ಕೆಲಸ ಬೇಗ ಮುಗಿಯುತ್ತದೆ. ಟ್ರಯಾಮ್ಸಿನೊಲೋನ್ ಬೇರೆ ಥರ. ಅದನ್ನು ಕಣ್ಣಿನ ಮುಂದಿನ ಕೋಣೆಯೊಳಗೋ ಗುಡ್ಡೆಯ ಪಕ್ಕದಲ್ಲೋ ಇಡುತ್ತಾರೆ. ಅದು ಪುಡಿಯ ಹಾಗೆ ಕೂತು ನಿಧಾನವಾಗಿ ಕರಗುತ್ತದೆ. ಹನಿ ತಪ್ಪಿದರೂ ಕೆಲಸ ನಡೆಯುತ್ತದೆ. ಆದರೆ ಪ್ರೆಶರ್ ಏರಿದರೆ ಅದನ್ನು ಹಿಂದಕ್ಕೆ ತೆಗೆಯುವುದು ಕಷ್ಟ, ಗುಡ್ಡೆಯ ಪಕ್ಕ ಇಟ್ಟದ್ದಂತೂ ವಾರಗಳು, ತಿಂಗಳುಗಳೇ ಇರಬಹುದು. ಚೆಕಪ್‌ಗೆ ಬರಲು ಕಷ್ಟ ಅನ್ನೋ ಕಾರಣಕ್ಕೆ ಇದನ್ನು ಆರಿಸಿ, ಆಮೇಲೆ ಪ್ರೆಶರ್ ಚೆಕ್ ಕೂಡ ತಪ್ಪಿಸಿದರೆ ಅಪಾಯ ದುಪ್ಪಟ್ಟು.

ಬಾಯಿಗೆ ಹಾಕುವ ಪ್ರೆಡ್ನಿಸೊಲೋನ್ ಸಿರಪ್ ಎಲ್ಲರಿಗೂ ಬೇಕಿಲ್ಲ. ಕಣ್ಣು ತುಂಬಾ ಕೆರಳುವ ಮಕ್ಕಳಿಗೆ ಕೆಲವು ದಿನ ಕೊಡುತ್ತಾರೆ. ಬಸುರಿಯಲ್ಲಿ ತಾಯಿಗೆ ರುಬೆಲ್ಲಾ ಬಂದು ಮಗುವಿಗೆ ಪೊರೆ ಆಗಿದ್ದರೆ ಅಂಥ ಕಣ್ಣು ಜಾಸ್ತಿ ಕೆರಳುತ್ತದೆ, ಗ್ಲಾಕೋಮಾ ಕೂಡ ಜೊತೆಗೇ ಬರಬಹುದು. (2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮನೆಯ ಮಕ್ಕಳಿಗೆ ಆ ಸೂಜಿ ತಪ್ಪಿಸಬೇಡಿ.)

ಹನಿಯೂ ಮೈಗೆ ಸೇರುತ್ತದೆ ಅನ್ನೋದು ನೆನಪಿರಲಿ. ಕೂಸಿನ ಕಣ್ಣಿನಲ್ಲಿ ಒಂದು ಪೂರ್ತಿ ಹನಿ ನಿಲ್ಲುವಷ್ಟೂ ಜಾಗವಿಲ್ಲ. ಉಳಿದದ್ದು ಮೂಗಿಗೆ, ಗಂಟಲಿಗೆ ಇಳಿದು ರಕ್ತಕ್ಕೆ ಹೋಗುತ್ತದೆ. ಎರಡೂ ಕಣ್ಣಿಗೆ ವಾರಗಟ್ಟಲೆ ಸ್ಟೀರಾಯ್ಡ್ ಬಿದ್ದ ಶಿಶುಗಳಲ್ಲಿ ಮುಖ ಊದಿಕೊಂಡದ್ದು, ಮೈ ತಾನೇ ಮಾಡಿಕೊಳ್ಳುವ ಸ್ಟೀರಾಯ್ಡ್ ಕುಗ್ಗಿದ್ದು ವೈದ್ಯರ ಬರಹಗಳಲ್ಲಿ ದಾಖಲಾಗಿದೆ. ಮಗು ದಿಢೀರನೆ ದಪ್ಪಗಾಗಿ ಮುಖ ಗುಂಡಗಾದರೆ "ಕೂಸು ಚೆನ್ನಾಗಿ ತುಂಬಿಕೊಂಡಿದೆ" ಅಂತ ಖುಷಿಪಟ್ಟು ಸುಮ್ಮನಿರಬೇಡಿ, ಡಾಕ್ಟರಿಗೆ ತೋರಿಸಿ.

ನಾನು ಮಾಡುತ್ತಿದ್ದದ್ದು ಹೀಗೆ. ಮಗಳನ್ನು ಟವೆಲ್ಲಿನಲ್ಲಿ ಕೈ ಸಮೇತ ಬಿಗಿಯಾಗಿ ಸುತ್ತಿ ತೊಡೆಯ ಮೇಲೆ ಮಲಗಿಸುವುದು. ಕೆಳರೆಪ್ಪೆ ಎಳೆದು ಒಂದೇ ಹನಿ. ಕೂಡಲೇ ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಬೆರಳ ತುದಿಯಿಂದ ಒಂದೆರಡು ನಿಮಿಷ ಮೆತ್ತಗೆ ಒತ್ತಿ ಹಿಡಿಯುವುದು, ಆಗ ಔಷಧಿ ಮೂಗಿಗೆ ಇಳಿಯುವುದಿಲ್ಲ. ಸುತ್ತ ಹರಿದದ್ದನ್ನು ಹತ್ತಿಯಿಂದ ಒರೆಸುವುದು. ಐದು ನಿಮಿಷ ಬಿಟ್ಟು ಮುಂದಿನ ಬಾಟಲಿ. ಅತ್ತೆ ಪಕ್ಕದಲ್ಲಿ ಕೂತು ಗಿಲಕಿ ಆಡಿಸುತ್ತಿದ್ದರು.

ಎಷ್ಟು ದಿನ?

ಔಷಧಿಯ ಹೆಸರಿಗಿಂತ ಮುಖ್ಯ ಪ್ರಶ್ನೆ ಇದು ಅಂತ ನನಗನಿಸುತ್ತದೆ. ಸಾಮಾನ್ಯವಾಗಿ ಮೊದಲ ವಾರ ದಿನಕ್ಕೆ 6ರಿಂದ 8 ಸಲ, ಆಮೇಲೆ ವಾರವಾರ ಇಳಿಸುತ್ತಾ 4ರಿಂದ 6 ವಾರಕ್ಕೆ ಮುಗಿಸುತ್ತಾರೆ. ಬೇಗ ಮುಗಿಸಿದರೆ ಕೆರಳಿಕೆ ಮತ್ತೆ ಮೇಲೇಳಬಹುದು. ಎಳೆದಷ್ಟೂ ಜಾಲರಿಗೆ ಪೆಟ್ಟು. ಇವೆರಡರ ನಡುವೆ ದಾರಿ ಹುಡುಕುವುದು ಕಣ್ಣೊಳಗೆ ನೋಡಬಲ್ಲ ಡಾಕ್ಟರಿಂದ ಮಾತ್ರ ಸಾಧ್ಯ. ಹೊರಗಿನ ಕೆಂಪು ನೋಡಿ ನಾನು ಮಾಡಿದ ತೀರ್ಮಾನ ತಪ್ಪಾಗಿತ್ತು. ಹಾಗೆಯೇ ಪ್ರೆಶರ್ ಭಯದಿಂದ ಒಮ್ಮೆಗೇ ನಿಲ್ಲಿಸುವುದೂ ತಪ್ಪು.

ಇಳಿಸುವ ಲೆಕ್ಕವನ್ನು ತಾರೀಕು ಹಾಕಿಸಿ ಬರೆಸಿಕೊಳ್ಳಿ. "ನಿಧಾನವಾಗಿ ಕಡಿಮೆ ಮಾಡಿ" ಅಂದರೆ ಸಾಲದು. ನಾನು ಆ ಪ್ರೆಶರ್ ಏರಿದ ದಿನದಿಂದ ಗೋಡೆಯ ಕ್ಯಾಲೆಂಡರಿನಲ್ಲೇ ಬರೆಯಲು ಶುರುಮಾಡಿದೆ. ಪ್ರತಿ ದಿನದ ಮನೆಯಲ್ಲಿ ಹನಿಗೊಂದು ಗೀಟು. ಕೊನೆಯ ದಿನಕ್ಕೆ ಕೆಂಪು ಸುತ್ತು. ಅವತ್ತು ಬಾಟಲಿಯನ್ನು ಎಸೆದುಬಿಡುವುದು. ಉಳಿದ ಔಷಧಿ ಫ್ರಿಜ್‌ನಲ್ಲಿ ಇದ್ದರೆ ಮುಂದೊಂದು ದಿನ ಯಾರೋ ಹಾಕುತ್ತಾರೆ.

ಒಳಗೆ ಲೆನ್ಸ್ ಇಡಿಸಿದರೆ ಗ್ಲಾಕೋಮಾ ತಪ್ಪುತ್ತದಾ?

ಪೊರೆ ಬಂದ ಲೆನ್ಸ್ ತೆಗೆದ ಜಾಗದಲ್ಲಿ ಕೃತಕ ಲೆನ್ಸ್ ಇಡಿಸುವ ಈ ಆಸೆ ಎಲ್ಲರಿಗೂ ಇರುತ್ತದೆ. ಅಮೆರಿಕದಲ್ಲಿ ಒಂದೇ ಕಣ್ಣಲ್ಲಿ ಪೊರೆ ಇದ್ದ, 1ರಿಂದ 6 ತಿಂಗಳಿನ 114 ಶಿಶುಗಳ ಮೇಲೆ ದೊಡ್ಡ ಅಧ್ಯಯನ ನಡೆಯಿತು. ಅರ್ಧ ಮಕ್ಕಳಿಗೆ ಒಳಗೆ ಲೆನ್ಸ್, ಇನ್ನರ್ಧಕ್ಕೆ ಕಾಂಟ್ಯಾಕ್ಟ್ ಲೆನ್ಸ್. ಐದು ವರ್ಷಕ್ಕೆ ದೃಷ್ಟಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಒಳಗೆ ಲೆನ್ಸ್ ಇಟ್ಟವರಲ್ಲಿ ನೂರಕ್ಕೆ 72 ಮಕ್ಕಳಿಗೆ ಕಣ್ಣೊಳಗೆ ಮತ್ತೆ ಆಪರೇಷನ್ ಬೇಕಾಯಿತು, ಇನ್ನೊಂದು ಗುಂಪಿನಲ್ಲಿ 21. ಹತ್ತು ವರ್ಷದ ಲೆಕ್ಕದಲ್ಲಿ ಒಟ್ಟಾರೆ ಸುಮಾರು 22% ಮಕ್ಕಳಿಗೆ ಗ್ಲಾಕೋಮಾ. ಗ್ಲಾಕೋಮಾ ಇರಬಹುದು ಅನ್ನೋ ಸಂಶಯ ಇದ್ದ ಮಕ್ಕಳನ್ನೂ ಸೇರಿಸಿದರೆ 40%. ಲೆನ್ಸ್ ಇಟ್ಟದ್ದು ಕಾಪಾಡಲಿಲ್ಲ. ಮತ್ತೆ ಆಪರೇಷನ್ ಅಂದರೆ ಮತ್ತೆ ಸ್ಟೀರಾಯ್ಡ್ ಅನ್ನೋದನ್ನೂ ಸೇರಿಸಿ ನೋಡಿ.

ಆಪರೇಷನ್ ಆದ ವಯಸ್ಸು ದೊಡ್ಡ ವಿಷಯ. 2014ರಲ್ಲಿ ಬಂದ, 470 ಮಕ್ಕಳ ವಿವರ ಒಟ್ಟುಗೂಡಿಸಿದ ಒಂದು ವಿಶ್ಲೇಷಣೆಯಲ್ಲಿ 17% ಮಕ್ಕಳಿಗೆ ಗ್ಲಾಕೋಮಾ ಬಂದಿತ್ತು. ಮೊದಲ 4 ವಾರದೊಳಗೆ ಆಪರೇಷನ್ ಆದವರಲ್ಲಿ ಅಪಾಯ ಜಾಸ್ತಿ. ಹಾಗಂತ ತಿಂಗಳುಗಟ್ಟಲೆ ಮುಂದೂಡಿದರೆ ಮಿದುಳು ನೋಡುವುದನ್ನು ಕಲಿಯುವ ಕಾಲವೇ ಕಳೆದುಹೋಗುತ್ತದೆ. ಅದಕ್ಕೇ ಒಂದು ಕಣ್ಣಿನ ಪೊರೆಗೆ 4ರಿಂದ 6 ವಾರ, ಎರಡೂ ಕಣ್ಣಿಗೆ 6ರಿಂದ 8 ವಾರ ಅಂತ ಹೇಳುವುದು.

ಪ್ರೆಶರ್ ನೋಡುವುದು: ಎಚ್ಚರದಲ್ಲೋ, ಮತ್ತಿನಲ್ಲೋ?

ಎಚ್ಚರವಿರುವ ಮಗುವಿಗೆ ರೀಬೌಂಡ್ ಟೋನೋಮೀಟರ್ ಅನ್ನೋ ಕೈಯಲ್ಲಿ ಹಿಡಿಯುವ ಯಂತ್ರ ಇದೆ. ಸಣ್ಣ ಕಡ್ಡಿಯೊಂದು ಕಣ್ಣಿಗೆ ಟಿಕ್ ಅಂತ ತಾಗಿ ಹಿಂದೆ ಬರುತ್ತದೆ. ಮರಗಟ್ಟಿಸುವ ಹನಿ ಕೂಡ ಬೇಡ. ಮಗು ಅತ್ತರೆ, ಕಣ್ಣು ಬಿಗಿದರೆ ಅಂಕಿ ಸುಳ್ಳೇ ಏರುತ್ತದೆ. ನಮಗೆ ಹೇಳಿಕೊಟ್ಟ ಉಪಾಯ: ಹಸಿದ ಮಗುವನ್ನು ಕರೆದುಕೊಂಡು ಹೋಗಿ, ಎದೆಗೆ ಹಾಕಿಕೊಂಡು ಹಾಲು ಕುಡಿಸುತ್ತಿರುವಾಗಲೇ ನೋಡಿಸುವುದು. ಅವಳು ಚೀಪುತ್ತಾ ಕಣ್ಣರಳಿಸಿ ನೋಡುತ್ತಿದ್ದಾಗ ಕೆಲಸ ಮುಗಿದೇ ಹೋಗಿತ್ತು.

ಮತ್ತು ಕೊಟ್ಟು ಮಾಡುವ ಪರೀಕ್ಷೆಯಲ್ಲಿ ಒಳಗೆಲ್ಲ ಸರಿಯಾಗಿ ನೋಡಬಹುದು. ಕಣ್ಣಿನ ಅಳತೆ, ನರದ ಸ್ಥಿತಿ ತಿಳಿಯುತ್ತದೆ. ಆದರೆ ಅರಿವಳಿಕೆಯ ಔಷಧಿಗಳಿಂದ ಅಂಕಿ ಏರುಪೇರಾಗಬಹುದು, ಪ್ರತಿ ಸಲ ಮತ್ತು ಕೊಡುವುದೂ ಸುಲಭವಲ್ಲ. ಸ್ಟೀರಾಯ್ಡ್ ಹಾಕುವ ವಾರಗಳಲ್ಲಿ ಎಚ್ಚರದ ಚೆಕ್ ಪದೇ ಪದೇ ಮಾಡಿಸಿ, ಸಂಶಯ ಬಂದರೆ ಮತ್ತಿನ ಪರೀಕ್ಷೆ. ಇದು ನನ್ನ ಆಯ್ಕೆ. ಇನ್ನೊಂದು ಮಾತು: ಪೊರೆ ತೆಗೆದ ಕಣ್ಣಲ್ಲಿ ಕಾರ್ನಿಯಾ (ಕಪ್ಪುಗುಡ್ಡೆಯ ಮುಂದಿನ ಗಾಜಿನಂಥ ಪದರ) ದಪ್ಪಗಿರುತ್ತದೆ, ಅದರಿಂದಲೂ ಅಂಕಿ ಜಾಸ್ತಿ ತೋರಬಹುದು. ಒಂದೇ ಅಂಕಿ ನೋಡಿ ಕಂಗಾಲಾಗಬೇಡಿ.

ಮನೆಯಲ್ಲಿ ನೀವು ನೋಡಬೇಕಾದದ್ದು: ಬೆಳಕಿಗೆ ಮುಖ ಮುಚ್ಚಿಕೊಳ್ಳುವುದು, ಸದಾ ನೀರು ಸುರಿಯುವುದು, ಕಪ್ಪುಗುಡ್ಡೆ ಮಂಜಾಗುವುದು, ಕಣ್ಣು ದೊಡ್ಡದಾಗುವುದು. "ಎಷ್ಟು ದೊಡ್ಡ ಚಂದದ ಕಣ್ಣು" ಅಂತ ನೆಂಟರು ಹೊಗಳಿದರೆ ಆ ವಾರವೇ ಚೆಕ್ ಮಾಡಿಸಿ. ಇನ್ನೊಂದು ಸುಳಿವು ಕನ್ನಡಕದ ಚೀಟಿಯಲ್ಲೇ ಇದೆ. ಲೆನ್ಸ್ ಇಲ್ಲದ ಮಗುವಿನ ಪ್ಲಸ್ ಪವರ್ ಬೆಳೆಯುತ್ತಾ ನಿಧಾನವಾಗಿ ಇಳಿಯುವುದು ಸಹಜ. ದಿಢೀರನೆ ಇಳಿದರೆ ಪ್ರೆಶರಿಗೆ ಕಣ್ಣು ಹಿಗ್ಗುತ್ತಿರಬಹುದು. ಹಳೇ ಚೀಟಿ ಎಸೆಯಬೇಡಿ.

ಏರಿದರೆ ಏನು ಮಾಡುತ್ತಾರೆ?

ಮೊದಲು ಸ್ಟೀರಾಯ್ಡ್ ಇಳಿಸುತ್ತಾರೆ ಅಥವಾ ಮೃದುವಾದದ್ದಕ್ಕೆ ಬದಲಿಸುತ್ತಾರೆ. ಸ್ಟೀರಾಯ್ಡ್‌ನಿಂದ ಏರಿದ್ದಾದರೆ ಹೆಚ್ಚಿನವರಲ್ಲಿ 2ರಿಂದ 4 ವಾರದಲ್ಲಿ ಇಳಿಯುತ್ತದೆ. ಅಲ್ಲಿಯವರೆಗೆ ಡಾರ್ಜೊಲಮೈಡ್, ಟಿಮೊಲೋಲ್‌ನಂಥ ಹನಿ. ಮಗುವಿಗೆ ಉಬ್ಬಸ ಇದ್ದರೆ ಟಿಮೊಲೋಲ್ ಬರೆಯುವ ಮುಂಚೆಯೇ ಹೇಳಿಬಿಡಿ. ಬ್ರಿಮೊನಿಡೀನ್ ಅನ್ನೋ ಹೆಸರು ಚೆನ್ನಾಗಿ ನೆನಪಿಡಿ: ಎರಡು ವರ್ಷದೊಳಗಿನ ಮಗುವಿಗೆ ಅದನ್ನು ಹಾಕಲೇಬಾರದು, ಉಸಿರೇ ನಿಲ್ಲುವ ಅಪಾಯವಿದೆ. ಮನೆಯಲ್ಲಿ ಅಜ್ಜ ಅಜ್ಜಿಗೆ ಗ್ಲಾಕೋಮಾ ಇದ್ದರೆ ಅವರ ಬಾಟಲಿ ಅದೇ ಆಗಿರಬಹುದು. ಮಗುವಿನ ಔಷಧಿಯ ಪಕ್ಕ ಇಡಬೇಡಿ.

ಸ್ಟೀರಾಯ್ಡ್ ಬಿಟ್ಟರೂ ಇಳಿಯದಿದ್ದರೆ ಅದು ಬೇರೆ ಥರದ ಗ್ಲಾಕೋಮಾ. ಆಗ ಆಪರೇಷನ್, ಕೆಲವರಿಗೆ ನೀರು ಹೊರಹೋಗಲು ಸಣ್ಣ ಕೊಳವೆ ಕೂರಿಸುತ್ತಾರೆ. ಮಧುರೈನ ಆರೋಲ್ಯಾಬ್ ಅಂಥದ್ದನ್ನು ನಮ್ಮ ದೇಶದಲ್ಲೇ ಕಡಿಮೆ ಬೆಲೆಗೆ ಮಾಡುತ್ತದೆ.

ಖರ್ಚಿನ ಬಗ್ಗೆ ಒಂದು ಮಾತು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಹುಟ್ಟು ಪೊರೆಯೂ ಇದೆ. ಅಂಗನವಾಡಿಗೆ ಬರುವ ಆ ತಂಡದವರನ್ನೋ ಜಿಲ್ಲಾ ಆಸ್ಪತ್ರೆಯನ್ನೋ ಕೇಳಿ. ಆಪರೇಷನ್ನಿಗೆ ಮಾತ್ರವಲ್ಲ, ಆಮೇಲಿನ ಚೆಕಪ್‌ಗಳಿಗೆ ಏನು ಸಿಗುತ್ತದೆ ಅಂತಲೂ ಕೇಳಿ. ಜನ ಸೋಲುವುದು ಆ ಚೆಕಪ್‌ಗಳ ಬಸ್ ಚಾರ್ಜಿನಲ್ಲೇ.

ಆರು ವಾರ ದಾಟಿದ ಮೇಲೂ ಲೆಕ್ಕ ಮುಗಿಯುವುದಿಲ್ಲ. ಪೊರೆ ತೆಗೆದ ಕಣ್ಣಿಗೆ ಐದು, ಹತ್ತು ವರ್ಷ ಬಿಟ್ಟೂ ಗ್ಲಾಕೋಮಾ ಬರುತ್ತದೆ, ನೋವಿಲ್ಲದೆ ಬರುತ್ತದೆ. ಬೇಸಿಗೆಯಲ್ಲಿ ಕಣ್ಣು ತುರಿಸಿತು ಅಂತ ಅಂಗಡಿಯಲ್ಲಿ ಕೊಡುವ ಅಲರ್ಜಿ ಹನಿಯಲ್ಲೂ ಸ್ಟೀರಾಯ್ಡ್ ಇರಬಹುದು. ಮಗಳ ಸ್ಕೂಲ್ ಡೈರಿಯ ಮೊದಲ ಪುಟದಲ್ಲಿ ನಾನೇ ಬರೆದು ಅಂಟಿಸಿದ್ದೇನೆ: "ಇವಳಿಗೆ ಸ್ಟೀರಾಯ್ಡ್‌ನಿಂದ ಕಣ್ಣಿನ ಪ್ರೆಶರ್ ಏರುತ್ತದೆ." ಈಗ ಆರು ತಿಂಗಳಿಗೊಮ್ಮೆ ಹೋಗುತ್ತೇವೆ. ಅವಳೇ ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟು, ಯಂತ್ರದ ಮೇಲೆ ಗದ್ದ ಇಟ್ಟು ಕೂರುತ್ತಾಳೆ. ಮುಗಿದ ಕೂಡಲೇ "ಎಷ್ಟು ಬಂತು ಡಾಕ್ಟರ್?" ಅಂತ ಕೇಳುತ್ತಾಳೆ. ಹೋದ ಸಲ 16 ಮತ್ತು 15.